ಮೂವತ್ತೇಳೂವರೆ ಡಿಗ್ರಿ

...ಅಲ್ಲ ಮಾರಾಯ, ಬಿಸಿಲು ಇರುವಾಗ ಕರೆಂಟು ಕೊಡುವುದಕ್ಕೆ ನಿಮ್ಮ ಸೋಲಾರ್ ಎಂತಕ್ಕೆ? ಬಿಸಿಲು ಇರುವಾಗ ನನಗೆ ಕಣ್ಣು ಕಾಣುತ್ತದೆ. ಕತ್ತಲೆ ಆದ ಮೇಲೆ ಕೊಡಬೇಕು, ಅದು ವಿಷಯ. ಮಳೆ ನಿಂತ ಮೇಲೆ ಕೊಡೆ ಹಿಡಿದುಕೊಂಡು ಬರುವ ನೆಂಟನ ಹಾಗಾಯಿತು ಇದು.

ನಗಬೇಡ. ಆಲ್ವಿನ್, ನಗಬೇಡ. ಈ ನಗುವನ್ನು ನಾನು ಸೆಕೆಂಡ್ ಪಿಯುಸಿಯ ಕೊನೇ ಬೆಂಚಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಫಿಸಿಕ್ಸ್‌ನಲ್ಲಿ ಮೂವತ್ತೆಂಟು ಮಾರ್ಕು ತೆಗೆದವನು ನೀನು. ಈಗ ಫಿಸಿಕ್ಸ್ ಕಲಿಸಿದವನ ಮನೆಯ ಬ್ಯಾಟರಿಗೆ ಡಾಕ್ಟರು. ಇರಲಿ. ಮಾರ್ಕಿನ ಮೇಲೆ ನನಗೂ ಈಗ ನಂಬಿಕೆ ಇಲ್ಲ.

ಚಾ ಕುಡಿಯುತ್ತೀಯಾ? ಹೆಂಡತಿ ಕುಶಲಾ ಇಲ್ಲ, ಕಾರ್ಕಳಕ್ಕೆ ತಂಗಿಯ ಮನೆಗೆ ಹೋಗಿದ್ದಾಳೆ. ನಾನು ಮಾಡಿದರೆ ಅದು ಚಾ ಅಲ್ಲ, ಪ್ರಯೋಗ. ...ಬೇಡವಾ? ಬುದ್ಧಿವಂತ.

ಮನೆಯಲ್ಲಿ ಎಲ್ಲ ಸೌಖ್ಯವಾ, ಶಿರ್ವದಲ್ಲಿ? ನಿನ್ನ ಅಣ್ಣ ರೋನಿ ಹೋದನಾ ಕತಾರಿಗೆ? ...ಇನ್ನೂ ಇಲ್ಲವಾ? ...ಆ ಕೋಳಿ ಅಂಕದ ಜೂಜಿನ ಕೇಸಿನಿಂದಲಾ. ಪೊಲೀಸ್ ಸರ್ಟಿಫಿಕೇಟು ಸಿಗಲಿಲ್ಲ... ಹ್ಞೂ. ವೀಸಾ ಬಂದದ್ದೂ ಹೋಯಿತಾ.

ಬಿಡು. ನೀನು ಇದನ್ನು ನೋಡು ಮೊದಲು. ಸಮಯ ಇಲ್ಲ. ಮಧ್ಯಾಹ್ನದಿಂದ ಕಾಪುವಿನಲ್ಲಿ ಕರೆಂಟೇ ಇಲ್ಲ, ಎಲ್ಲಿಯೋ ತಂತಿಯ ಮೇಲೆ ಮರ ಬಿದ್ದಿದೆಯಂತೆ, ಮೇ ತಿಂಗಳಲ್ಲಿ ಅದೊಂದು ನಿತ್ಯಪೂಜೆ. ಪೂರ್ವಕ್ಕೆ ನೋಡಿದೆಯಾ? ಕಾರ್ಕಳದ ಕಡೆಯಿಂದ ಕಪ್ಪು ಕಟ್ಟಿಕೊಂಡು ಬರುತ್ತಿದೆ. ಇನ್ನೊಂದು ಗಂಟೆಯಲ್ಲಿ ನಿನ್ನ ಸೂರ್ಯನೂ ಇಲ್ಲ. ಅಲ್ಲಿಂದ ಬೆಳಗ್ಗೆ ಆರರವರೆಗೆ ಈ ಡಬ್ಬವೇ ಗತಿ. ಇದು ನೋಡಿದರೆ ಎರಡು ದಿನದಿಂದ ರಾತ್ರಿ ಮೂರು ಗಂಟೆಗೆ ಕುಂಯ್ ಕುಂಯ್ ಎಂದು ಸಾಯುತ್ತದೆ.

ನನಗೆ ಇವತ್ತು ರಾತ್ರಿ ಮತ್ತು ನಾಳೆ ರಾತ್ರಿ, ಎರಡೇ ಎರಡು ರಾತ್ರಿ ಬೆಳಗಿನವರೆಗೆ ಕರೆಂಟು ಬೇಕು. ಆಮೇಲೆ ಈ ಬ್ಯಾಟರಿಯನ್ನು ಮಲ್ಪೆಯ ಸಮುದ್ರಕ್ಕೆ ಹಾಕು, ನಾನು ಕೇಳುವುದಿಲ್ಲ.

ಎಂತಕ್ಕೆ ಎಂದರೆ? ಕರೆಂಟು ಎಂತಕ್ಕೆ ಬೇಕು ಎಂದು ಗಿರಾಕಿಯ ಹತ್ತಿರ ಕೇಳುವ ಅಂಗಡಿಯವನನ್ನು ಇವತ್ತೇ ನೋಡಿದ್ದು. ...ಫಾರಂನಲ್ಲಿ ಕಾಲಂ ಉಂಟಾ? ಬರೆದುಕೊ. ಲೋಡು: ಫ್ಯಾನು ಎರಡು, ಲೈಟು ಮೂರು, ಇಂಟರ್‌ನೆಟ್ಟಿನ ಡಬ್ಬ ಒಂದು. ಅಷ್ಟೇ. ಹೆಸರು: ಜಿತೇಂದ್ರ. ಉದ್ಯೋಗ: ನಿವೃತ್ತ. ತಪ್ಪು ಯಾರದ್ದು ಎಂಬ ಕಾಲಂ ಇದ್ದರೆ ಅಲ್ಲಿ ನಿಮ್ಮ ಮಣಿಪಾಲದ ಅಂಗಡಿಯ ಹೆಸರು.

ಎಂತ ಟಾರ್ಚು ಹಾಕಿ ಇಣುಕುತ್ತಿದ್ದಿ? ...ನೀರಾ? ...ಡಿಸ್ಟಿಲ್ಡ್ ವಾಟರು... ಹಾಕಬೇಕೆಂದು ಗೊತ್ತುಂಟು ಮಾರಾಯ, ಮೂವತ್ತು ವರ್ಷ ಕಲಿಸಿದ್ದೇನೆ. ಸೀಸದ ಫಲಕ, ಗಂಧಕಾಮ್ಲ, ನೀರು ಆವಿಯಾಗುತ್ತದೆ, ಕಾಲಕಾಲಕ್ಕೆ ತುಂಬಬೇಕು. ...ಹಾಕಿಲ್ಲ. ಎರಡು ವರ್ಷದಲ್ಲಿ ಒಂದು ಸಲವೂ ಹಾಕಿಲ್ಲ. ಹೇಳು, ಬಾಯಿ ಬಿಟ್ಟು ಹೇಳು, ಕೊನೇ ಬೆಂಚಿಗೆ ಇವತ್ತು ಹಬ್ಬ. ನಾನು ಥಿಯರಿಯವನು. ಪ್ರಾಕ್ಟಿಕಲ್‌ಗೆ ಬೇರೆಯವರಿದ್ದರು.

ಆದರೂ ಎರಡು ಫ್ಯಾನಿಗೆ ಅದು ಸಾಕಾಗಬೇಕಿತ್ತು, ಅಲ್ವಾ?

ಮೊಬೈಲಿನಲ್ಲಿ ಎಂತ ನೋಡುವುದು? ...ನಮ್ಮ ಮನೆಯದ್ದು? ನಮ್ಮ ಮನೆಯಲ್ಲಿ ಯಾವ ಗಂಟೆಗೆ ಎಷ್ಟು ಕರೆಂಟು ಉರಿಯಿತು ಎಂದು ನಿನ್ನ ಮೊಬೈಲಿನಲ್ಲಿ ಬರುತ್ತದಾ? ಇದನ್ನು ಮಾರುವಾಗ ಹೇಳಲಿಲ್ಲ ನೀವು. ...ಹೌದು, ಗೆರೆ. ಗೆರೆ ಕಾಣುತ್ತದೆ. ಕನ್ನಡಕ ಉಂಟು ನನಗೆ. ...ಗರಗಸದ ಹಲ್ಲಿನ ಹಾಗೆ, ಹೌದು. ಎರಡು ನಿಮಿಷ ಮೇಲೆ, ಮೂರು ನಿಮಿಷ ಕೆಳಗೆ. ಇಡೀ ರಾತ್ರಿ. ...ಇಪ್ಪತ್ತು ದಿನದಿಂದ.

ಫ್ರಿಜ್ಜು ಇರಬಹುದು.

...ಫ್ರಿಜ್ಜು ಈ ಲೈನಿನಲ್ಲಿ ಇಲ್ಲವಾ? ನೀನೇ ಬೇಡ ಎಂದು ಬಿಡಿಸಿದ್ದಾ? ಹೌದಾ. ಹಾಗಾದರೆ ಇಲಿ ಇರಬಹುದು. ವಯರು ಕಚ್ಚುತ್ತಿರಬಹುದು, ಎರಡು ನಿಮಿಷ ಕಚ್ಚುವುದು, ಮೂರು ನಿಮಿಷ ವಿಶ್ರಾಂತಿ... ನಗು, ನಗು.

ಅಲ್ಲಿಗೆ ಹೋಗಬೇಡ. ಆ ಕೋಣೆಗೆ ಬೀಗ ಉಂಟು. ಪುಸ್ತಕಗಳಿಗೆ ಗೆದ್ದಲಿನ ಮದ್ದು ಹೊಡೆದದ್ದು, ಒಂದು ತಿಂಗಳು ತೆರೆಯಬಾರದು. ಕುಶಲಾಳಿಗೂ ಹಾಗೇ ಹೇಳಿದ್ದೇನೆ... ಅಂದರೆ, ಅವಳಿಗೂ ಹೇಳಿದ್ದೇನೆ. ವಿಷದ ಗಾಳಿ. ಬಾಗಿಲಿಗೆ ಕಿವಿ ಕೊಡಬೇಡ ಮಾರಾಯ! ಎಂತ ಕೇಳುತ್ತದೆ ನಿನಗೆ? ಗೆದ್ದಲು ಶಬ್ದ ಮಾಡುವುದಿಲ್ಲ.

...ಮಾಡಿತಾ?

ಹೇಗೆ? ಚೀಂ ಅಂತಲಾ? ಸರಿಯಾಗಿ ಕೇಳಿದೆಯಾ ನೀನು? ಒಂದಾ, ಎರಡಾ? ಸರಿ ಮಾರಾಯ, ಸರಿ! ಬೀಗದ ಕೈ ಎಲ್ಲಿ... ಚಪ್ಪಲಿ ತೆಗೆ. ಮೆಲ್ಲಗೆ.

ನೋಡು. ನೋಡಿ ಆಯಿತಲ್ಲ? ಹೌದು, ಮೀನಿನ ಥರ್ಮೋಕೋಲ್ ಪೆಟ್ಟಿಗೆ. ಮಲ್ಪೆಯಿಂದ ತಂದದ್ದು, ಬಂಗುಡೆಯ ವಾಸನೆ ಹೋಗಲಿಕ್ಕೆ ಮೂರು ದಿನ ಬಿಸಿಲಿಗೆ ಇಟ್ಟಿದ್ದೆ. ಒಳಗೆ ಹಳೇ ಹಳದಿ ಬಲ್ಬು ಎರಡು. ಈಗಿನ ಎಲ್‌ಇಡಿ ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ, ಈಗಿನ ಮನುಷ್ಯರ ಹಾಗೆ. ಇದು ಥರ್ಮೋಸ್ಟಾಟು. ಮೂವತ್ತೇಳೂವರೆ ಡಿಗ್ರಿಗೆ ಬಲ್ಬು ಆಫ್, ಇಳಿದ ಕೂಡಲೇ ಆನ್. ನಿನ್ನ ಗರಗಸದ ಹಲ್ಲು ಇದೇ. ಲೋಟದಲ್ಲಿ ನೀರು, ಗಾಳಿ ಒಣಗಬಾರದೆಂದು. ಇಲ್ಲಿ ನೋಟುಬುಕ್ಕು, ನಾಲ್ಕು ಗಂಟೆಗೊಮ್ಮೆ ಉಷ್ಣಾಂಶ ಬರೆದಿದ್ದೇನೆ. ಇದು ಪ್ರಯೋಗ. ಉಷ್ಣ ನಿಯಂತ್ರಣದ ಪ್ರಯೋಗ. ಮೊಟ್ಟೆ ಇರುವುದು ಆಕಸ್ಮಿಕ.

ಏಳು. ಒಂಬತ್ತು ಇತ್ತು. ಎಂಟನೇ ದಿನ ಟಾರ್ಚು ಹಿಡಿದು ನೋಡಿದೆ, ಎರಡರಲ್ಲಿ ಎಂತದ್ದೂ ಇರಲಿಲ್ಲ. ಇವತ್ತಿಗೆ ಇಪ್ಪತ್ತನೇ ದಿನ. ನಾಳೆ, ತಪ್ಪಿದರೆ ನಾಡಿದ್ದು... ಈಗ ಗೊತ್ತಾಯಿತಾ ಎರಡು ರಾತ್ರಿ ಎಂತಕ್ಕೆಂದು? ಮೊನ್ನೆ ಮೂರು ಗಂಟೆಗೆ ಬ್ಯಾಟರಿ ಸತ್ತಾಗ ಬಿಸಿನೀರಿನ ಬಾಟಲಿ ಇಟ್ಟು ಬೆಳಗು ಮಾಡಿದೆ. ನಿನ್ನೆಯೂ. ಬಾಟಲಿ ಇಟ್ಟರೆ ನಲವತ್ತು, ತೆಗೆದರೆ ಮೂವತ್ತಮೂರು. ಅರ್ಧ ಗಂಟೆ ತಣ್ಣಗಾದರೆ ತಡೆಯುತ್ತವೆ, ರಾತ್ರಿ ಇಡೀ ತಡೆಯುವುದಿಲ್ಲ.

ಹೇಂಟೆಯ ಅಡಿಯಲ್ಲಿ ಇಡಬಹುದಿತ್ತು, ಹೌದು. ಯಾರ ಹೇಂಟೆ? ನೆರೆಮನೆಗೆ ಹೋಗಿ, ನಾನು ಜಿತೇಂದ್ರ, ಕೋಳಿ ಅಂಕದ ವಿರುದ್ಧ ಪೇಪರಿಗೆ ಹನ್ನೊಂದು ಪತ್ರ ಬರೆದವನು, ಅಂಕದ ಕೋಳಿಯ ಮೊಟ್ಟೆಗೆ ಕಾವು ಬೇಕಿತ್ತು, ನಿಮ್ಮ ಹೇಂಟೆ ಬಿಡುವಾಗಿದೆಯಾ ಎಂದು ಕೇಳುವುದಾ?

ಹೌದು. ಅಂಕದ ಕೋಳಿಯೇ. ವಾಸು ಮಾವನ ತಳಿ.

ನೀನು ನೋಡಿದ್ದೀಯಾ ಅವರನ್ನು? ರೋನಿಗೆ ಗೊತ್ತಿರಬೇಕು, ಅಂಕಕ್ಕೆ ಹೋಗುವ ಎಲ್ಲರಿಗೂ ಗೊತ್ತು. ನನ್ನ ಅಮ್ಮನ ಅಣ್ಣ. ಅಪ್ಪ ಬೇಗ ಹೋದರು, ನನ್ನನ್ನು ಸಾಕಿದ್ದು ಈ ಮಾವ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವರು. ಕುಕ್ಕುಟ ಪಂಚಾಂಗ ಬಾಯಿಪಾಠ. ಇವತ್ತು ಈ ನಕ್ಷತ್ರ, ಬಿಳಿ ಕೋಳಿ ಕೆಂಪನ್ನು ಗೆಲ್ಲುತ್ತದೆ, ಮೂಡು ದಿಕ್ಕಿನಿಂದ ಬಿಡಬೇಕು... ಸುಳ್ಳು. ಶುದ್ಧ ಸುಳ್ಳು. ನಾನು ಎರಡು ವರ್ಷ ಲೆಕ್ಕ ಇಟ್ಟು ತೋರಿಸಿದ್ದೇನೆ ಅವರಿಗೆ, ನೂರಕ್ಕೆ ಐವತ್ತೊಂದು, ನಾಣ್ಯ ಹಾರಿಸಿದ ಹಾಗೆ. ಮಾವ ಎಂತ ಹೇಳಿದರು ಗೊತ್ತುಂಟಾ? ಆ ಹೆಚ್ಚಿನ ಒಂದೇ ಪಂಚಾಂಗ ಮಾರಾಯ, ಅಂದರು.

ಆ ಒಂದರಿಂದ ನನ್ನ ಎಂಎಸ್ಸಿ ಆಯಿತು. ಫೀಸು ಕಟ್ಟಿದ್ದು ಒಂದು ಬಿಳಿ ಕೋಳಿ. ಕಾಲಿಗೆ ಬಾಳು ಕತ್ತಿ ಕಟ್ಟಿಸಿಕೊಂಡು ಒಂದೇ ದಿನ ನಾಲ್ಕು ಕೋಳಿಯನ್ನು ಕೊಂದು ನನ್ನನ್ನು ಕೊಣಾಜೆಯ ಯೂನಿವರ್ಸಿಟಿಗೆ ಕಳಿಸಿತು. ಇದನ್ನು ನಾನು ಯಾವ ಬಯೋಡಾಟಾದಲ್ಲೂ ಬರೆದಿಲ್ಲ.

ಆಯಿತು, ಈಗ ಬ್ಯಾಟರಿಯ ವಿಷಯ. ...ಗಾಡಿಯಲ್ಲಿ ಇನ್ನೊಂದು ಉಂಟಾ? ಹೊಸದಾ? ...ಅಂಬಲಪಾಡಿಯವರಿಗೆ ಕೊಂಡುಹೋಗುವುದು. ಅವರಿಗೆ ನಾಡಿದ್ದು ಕೊಟ್ಟರೆ ಆಗುವುದಿಲ್ಲವಾ? ...ಆಗುತ್ತದಾ? ಎರಡು ರಾತ್ರಿಗೆ ಇಟ್ಟು ಹೋಗುತ್ತೀಯಾ? ಆಲ್ವಿನ್... ಮೂವತ್ತೆಂಟು ಕೊಟ್ಟದ್ದು ನನ್ನ ತಪ್ಪು. ನಲವತ್ತೆರಡು ಕೊಡಬಹುದಿತ್ತು.

ತಾ ತಾ, ನಾನೂ ಹಿಡಿಯುತ್ತೇನೆ. ಸೊಂಟ ಗಟ್ಟಿ ಉಂಟು ನನ್ನದು. ಹಳೆಯದನ್ನು ಬಿಡಿಸುವಾಗ ಪೆಟ್ಟಿಗೆಯ ಕರೆಂಟು ಹೋಗುತ್ತದೆ ಅಲ್ವಾ? ...ಐದು ನಿಮಿಷ. ಸರಿ. ಬಿಡಿಸು. ನಾನು ಥರ್ಮಾಮೀಟರು ನೋಡುತ್ತಿರುತ್ತೇನೆ. ಮೂವತ್ತೇಳೂವರೆ. ಹೂಂ. ಮಾಡು.

ಇದು ನನಗೆ ಹೇಗೆ ಬಂತೆಂದಾ? ಆಸ್ತಿ ಬಂದದ್ದು. ನಗಬೇಡ, ನಮ್ಮದು ಅಳಿಯಕಟ್ಟು, ಮಾವನದ್ದು ಅಳಿಯನಿಗೆ. ಏಪ್ರಿಲ್‌ನಲ್ಲಿ ಮಾವ ಹೋದರು. ಹದಿಮೂರನೇ ದಿನ ಬೊಜ್ಜ, ಉತ್ತರಕ್ರಿಯೆಯ ಊಟ. ಸತ್ತವರಿಗೆ ಪ್ರಿಯವಾದದ್ದನ್ನು ಬಡಿಸಬೇಕಲ್ಲ ಎಲೆಯಲ್ಲಿ? ಮಾವನಿಗೆ ಪ್ರಿಯವಾದದ್ದು ಎಂತ? ಕೋಳಿ. ಬಂಧುಗಳು ಅಂಗಳದಲ್ಲಿ ಉಳಿದಿದ್ದ ಒಂದೇ ಒಂದು ಹುಂಜವನ್ನು ಹಿಡಿದರು, ಕೊಯ್ದರು, ಸುಕ್ಕ ಮಾಡಿ ಅವರಿಗೇ ಬಡಿಸಿದರು! ಅವರು ಅಂಕದಲ್ಲಿ ಸೋತ ಕೋಳಿ ತಿನ್ನುತ್ತಿದ್ದರು, ತಮ್ಮದನ್ನು ಯಾವತ್ತೂ ಬಾಯಿಗೆ ಇಟ್ಟವರಲ್ಲ. ಬಾಗಿಲು ಹಾಕಿ ಎಲ್ಲರೂ ಹೊರಗೆ ನಿಂತೆವು, ಮಾವ ಉಣ್ಣಲಿ ಎಂದು. ನನಗೆ ಆತ್ಮದಲ್ಲಿ ನಂಬಿಕೆ ಇಲ್ಲ. ಆದರೆ ಒಂದು ವೇಳೆ ಇದ್ದರೆ, ಆ ಎಲೆ ನೋಡಿ ಎದ್ದು ಹೋಗಿರಬೇಕು.

ಮರುದಿನ ಹೇಂಟೆಯನ್ನು ಮುಂಗುಸಿ ಹಿಡಿಯಿತು. ಬಚ್ಚಲಿನ ಹಿಂದೆ ಬುಟ್ಟಿಯಲ್ಲಿ ಒಂಬತ್ತು ಮೊಟ್ಟೆ ಇತ್ತು, ಇನ್ನೂ ಕಾವಿಗೆ ಕೂತಿರಲಿಲ್ಲ ಅದು. ಒಬ್ಬರು ಆಮ್ಲೆಟ್ ಎಂದರು. ನಾನು ಸ್ಕೂಟರಿನ ಡಿಕ್ಕಿಯಲ್ಲಿ ಹೆಗಲ ಮೇಲಿದ್ದ ಬೈರಾಸಿನಲ್ಲಿ ಸುತ್ತಿಕೊಂಡು ತಂದೆ. ಯಾರಿಗೂ ಹೇಳಲಿಲ್ಲ.

ಮೂವತ್ತಾರೂವರೆ. ಬೇಗ ಮಾಡು.

ಅಂಕಕ್ಕೆ ಬಿಡುತ್ತೇನಾ? ಇಲ್ಲ! ಖಂಡಿತ ಇಲ್ಲ. ಅಂಗಳದಲ್ಲಿ ತಿರುಗಲಿ, ಕೂಗಲಿ, ನನ್ನ ನಿದ್ದೆ ಹಾಳು ಮಾಡಲಿ, ಮುದಿಯಾಗಿ ಸಾಯಲಿ. ಅಂಕ ತಪ್ಪು. ಇವತ್ತೂ ಹೇಳುತ್ತೇನೆ. ಹಕ್ಕಿಯ ಕಾಲಿಗೆ ಬಾಳು ಕಟ್ಟಿ ಸುತ್ತ ನಿಂತು ಕೇಕೆ ಹಾಕುವುದು ಮನುಷ್ಯರ ಲಕ್ಷಣವಾ? ಫೆಬ್ರವರಿಯಲ್ಲಿ ಪೊಲೀಸರು ಬಂದದ್ದು ಸರಿಯೇ. ಹದಿನಾರು ಕೋಳಿ ಹಿಡಿದರು, ಕೋರ್ಟಿನ ಅಂಗಳದಲ್ಲಿ ಏಲಂ ಹಾಕಿದರು, ಕಾನೂನು. ಮಾವನ ಆಗಿನ ಬಿಳಿ ಕೋಳಿಯನ್ನು ಯಾರೋ ಕೊಂಡುಹೋಗಿ ಊಟಕ್ಕೆ ಪದಾರ್ಥ ಮಾಡಿದರು, ಅದೂ ಕಾನೂನು. ಆದರೆ ಜನರನ್ನು ಹಿಡಿದದ್ದು ಸರಿಯಲ್ಲ. ಅರ್ಜಿಯಲ್ಲಿ ಜನರ ಮಾತೇ ಇರಲಿಲ್ಲ. ಸ್ಥಳ, ಸಮಯ, ಅಷ್ಟೇ. ಕೋಳಿಗಳನ್ನು ವಶಪಡಿಸಿ ಈ ಆಟ ನಿಲ್ಲಿಸಬೇಕಾಗಿ ವಿನಂತಿ ಎಂದಷ್ಟೇ ಇತ್ತು. ಒಬ್ಬನ ಹೆಸರೂ...

...

ಎಂತ ನಿಲ್ಲಿಸಿದ್ದು? ಕೆಂಪು ತಂತಿ ಕಟ್ಟಿ ಆಯಿತಲ್ಲ. ಕಪ್ಪು ಉಳಿದಿದೆ, ನಿನ್ನ ಕೈಯಲ್ಲೇ ಉಂಟು. ಕಟ್ಟು.

ಯಾರೋ ಹೇಳಿದರು ಮಾರಾಯ. ಪೇಪರಿನಲ್ಲಿ ಬಂದಿತ್ತು. ...ಪೇಪರಿನಲ್ಲಿ ಖಚಿತ ಮಾಹಿತಿ ಎಂದಷ್ಟೇ ಬಂದಿತ್ತು, ಹೌದು, ಅದು ಸರಿ. ಹಾಗಾದರೆ ಬೇರೆ ಯಾರೋ... ಕಾಲೇಜಿನ ಸ್ಟಾಫ್‌ರೂಮಿನಲ್ಲಿ...

ಮೂವತ್ತಾರು.

ನೀನು ಎಂತದ್ದಾದರೂ ಕೇಳು ಆಲ್ವಿನ್. ಕೇಳಿದರೆ ಹೇಳಲಿಕ್ಕೆ ಸುಲಭ. ಕೇಳಿದ್ದರೆ ನಾನು ಸುಳ್ಳು ಹೇಳಿ ಮುಗಿಸುತ್ತಿದ್ದೆ, ಫ್ರಿಜ್ಜು, ಇಲಿ, ಎಂತದ್ದಾದರೂ. ನೀನು ಹೀಗೆ ಸ್ಪ್ಯಾನರು ಹಿಡಿದುಕೊಂಡು ನೋಡುತ್ತಾ ನಿಂತರೆ...

ಸಹಿ ಹಾಕಲಿಲ್ಲ ನಾನು. ಕೆಳಗೆ "ನೊಂದ ನಾಗರಿಕ" ಎಂದು ಬರೆದೆ. ಮೂವತ್ತು ವರ್ಷ ಹುಡುಗರಿಗೆ ಉತ್ತರಪತ್ರಿಕೆಯಲ್ಲಿ ರಿಜಿಸ್ಟರ್ ನಂಬರು ಮರೆಯಬೇಡಿ ಎಂದು ಹೇಳಿದವನು.

ಮಾವನ ಎದುರು ನಿಂತು ಹೇಳಬಹುದಿತ್ತು. ಹೇಳಿದರೆ ಅವರು ಗೋಡೆಯ ಮೇಲಿನ ನನ್ನ ಡಿಗ್ರಿಯನ್ನು ಒಮ್ಮೆ ನೋಡುತ್ತಿದ್ದರು, ಅಷ್ಟೇ ಸಾಕಿತ್ತು. ಅದಕ್ಕೆ ಪೊಲೀಸರ ಕೈಯಲ್ಲಿ ಹೇಳಿಸಿದೆ. ಆ ದಿನ ಅಲ್ಲಿ ರೋನಿ ಇರುತ್ತಾನೆಂದು ನನಗೆ ಗೊತ್ತಿರಲಿಲ್ಲ. ...ಗೊತ್ತಿದ್ದರೂ ಬರೆಯುತ್ತಿದ್ದೆನೋ ಏನೋ. ಬೇಕಾದರೆ ಅದನ್ನೂ ಕೇಳಿಕೊ.

ವಾರ ಬಿಟ್ಟು ಮಾವ ಬಂದರು, ಇದೇ ಜಗಲಿಯಲ್ಲಿ ಕೂತರು. ನೀನು ಓದಿದವನು, ಆ ಬಿಳಿಯದನ್ನು ಬಿಡಿಸಲಿಕ್ಕೆ ಕೋರ್ಟಿಗೆ ಒಂದು ಅರ್ಜಿ ಬರೆದುಕೊಡು ಎಂದರು. ಬರೆದುಕೊಟ್ಟೆ. ಚೆನ್ನಾಗಿಯೇ ಬರೆದುಕೊಟ್ಟೆ. ಮೊದಲಿನದಕ್ಕಿಂತ ಚೆನ್ನಾಗಿತ್ತು. ಅಷ್ಟರಲ್ಲಿ ಏಲಂ ಆಗಿಹೋಗಿತ್ತು. ಮಾವ ಮತ್ತೆ ಅಂಕಕ್ಕೆ ಹೋಗಲಿಲ್ಲ. ನನ್ನ ಅರ್ಜಿ ಗೆದ್ದಿತು ಎಂದು ಲೆಕ್ಕ.



ಆ ಫಾರಂ ಕೊಡು ಇಲ್ಲಿ. ಪೆನ್ನು. ...ಲೋಡಿನ ಕಾಲಂ ನೀನು ಖಾಲಿಯೇ ಬಿಟ್ಟಿದ್ದೀಯಾ? ನಾನು ಹೇಳಿದ ಫ್ಯಾನು, ಲೈಟು ಒಂದನ್ನೂ ಬರೆದಿಲ್ಲ. ಮೊದಲೇ ಗೊತ್ತಿತ್ತು ನಿನಗೆ, ನಾನು ಸುಳ್ಳು ಹೇಳುತ್ತೇನೆಂದು. ಇರಲಿ. ಬರೆಯುತ್ತೇನೆ. ಬಲ್ಬು ಎರಡು, ಮೊಟ್ಟೆ ಏಳು. ನೀರು ಹಾಕದೆ ಕೆಡಿಸಿದ್ದು ಗಿರಾಕಿ. ಹಿಂದಿನ ಪುಟದಲ್ಲಿ: ಫೆಬ್ರವರಿಯಲ್ಲಿ ಕೋಳಿ ಅಂಕದ ಬಗ್ಗೆ ಪೊಲೀಸರಿಗೆ ಅರ್ಜಿ ಬರೆದವನು ನಾನು. ಕೆಳಗೆ ಹೆಸರು. ಸಹಿ. ಇಂದಿನ ತಾರೀಕು. ಅಂಗಡಿಗೆ ಕೊಡುವ ಮೊದಲು ಇದನ್ನು ರೋನಿಗೆ ತೋರಿಸು. ಅವನ ವಕೀಲನಿಗೆ ತೋರಿಸು. ನಾನೇ ಬರಬೇಕೆಂದರೆ ಶಿರ್ವಕ್ಕೆ ನಾನೇ ಬರುತ್ತೇನೆ, ಅವನು ಬಾಗಿಲು ತೆಗೆದರೆ. ಇದರಿಂದ ಅವನ ವೀಸಾ ಬರುವುದಿಲ್ಲ, ಅಷ್ಟು ನನಗೂ ಗೊತ್ತು.

ಮೂವತ್ತೈದೂವರೆ. ಮಳೆ ಬಂತು, ಕೇಳಿತಾ ಹೆಂಚಿನ ಮೇಲೆ?

ಚೀಂ ಎಂದಿತು ಪುನಃ. ನಿನಗೂ ಕೇಳಿತು, ನಿನ್ನ ಮುಖ ಹೇಳುತ್ತದೆ.

ನಾನು ಬೇಡಿಕೊಳ್ಳುವುದಿಲ್ಲ ಆಲ್ವಿನ್. ಕಪ್ಪು ತಂತಿ ನಿನ್ನ ಕೈಯಲ್ಲಿ ಉಂಟು. ಕಟ್ಟುವುದಾದರೆ ಕಟ್ಟು. ಇಲ್ಲವಾದರೆ ಬ್ಯಾಟರಿ ತೆಗೆದುಕೊಂಡು ಹೋಗು, ಗಾಡಿಯವರೆಗೆ ನಾನೇ ಹಿಡಿದುಕೊಡುತ್ತೇನೆ. ನನಗೆ ಕೋಪ ಇಲ್ಲ. ಏಳು ಮೊಟ್ಟೆಯನ್ನೂ ಬೈರಾಸಿನಲ್ಲಿ ಸುತ್ತಿ ಹೊಟ್ಟೆಗೆ ಕಟ್ಟಿಕೊಂಡು ಬೆಳಗಿನವರೆಗೆ ಗೋಡೆಗೆ ಒರಗಿ ಕೂರುತ್ತೇನೆ, ನಾಳೆಯೂ ಕೂರುತ್ತೇನೆ. ನೋಡಿದವರು ನಗಲಿ. ಮನುಷ್ಯನ ಮೈಯಲ್ಲಿ ಮೂವತ್ತೇಳು ಡಿಗ್ರಿ ಇರುತ್ತದೆ, ಅದಕ್ಕೆ ಸೂರ್ಯ ಬೇಡ.

ಅರ್ಧ ಡಿಗ್ರಿ ಕಡಿಮೆ ಬೀಳುತ್ತದೆ. ಬೀಳಲಿ.